ಹಾಸನದಿಂದ ಫ್ಯಾಮಿಲಿ ಜೊತೆ ಬೀಚ್‌ಗೆ ಹೊರಟಿದೀವಿ, ಮಗಳಿಗೆ ಸರ್ಫಿಂಗ್ ಕಲೀಬೇಕಂತೆ, ಲೈಫ್‌ಗಾರ್ಡ್ ಇರೋ ಕಡೆ ಯಾವ್ದು ಹೇಳಿ

ಹೇಮಾವತಿ ದಡ, ಹಾಸನ:
ಎಲ್ರಿಗೂ ನಮಸ್ಕಾರ. ಮಕ್ಕಳ ಪರೀಕ್ಷೆ ಮುಗಿದ ಮೇಲೆ ಏಪ್ರಿಲ್‌ನಲ್ಲಿ ಮಂಗಳೂರು ಉಡುಪಿ ಕಡೆ ಹೋಗಣ ಅಂತಿದೀವಿ. ನಾನು, ನಮ್ಮನೆಯವ್ರು, ಎಂಟನೇ ಕ್ಲಾಸ್ ಮಗಳು, ಐದನೇ ಕ್ಲಾಸ್ ಮಗ, ನಮ್ಮಮ್ಮ, ಜೊತೆಗೆ ಭಾಮೈದ. ಮಗಳು ಮೊಬೈಲಲ್ಲಿ ಸರ್ಫಿಂಗ್ ವಿಡಿಯೊ ನೋಡಿ ನೋಡಿ ಒಂದ್ಸಲನಾದ್ರೂ ಆ ಬೋರ್ಡ್ ಮೇಲೆ ನಿಲ್ಲಲೇಬೇಕು ಅಂತ ಹಠ ಹಿಡ್ದವ್ಳೆ, ಈಜು ಬರುತ್ತೆ ಆದ್ರೆ ಸ್ವಿಮ್ಮಿಂಗ್ ಪೂಲ್ ಈಜು. ಭಾಮೈದ ಗೊರೂರು ಹಿನ್ನೀರಲ್ಲಿ ಈಜಿ ಬೆಳೆದೋನು, "ನಾನಿರುವಾಗ ಲೈಫ್‌ಗಾರ್ಡ್ ಯಾಕ್ ಭಾವ, ಜನ ಇಲ್ಲದ ಬೀಚ್ ಹುಡ್ಕಣ, ಆರಾಮಾಗಿರುತ್ತೆ" ಅಂತಾನೆ. ನಂಗೆ ಯಾಕೋ ಧೈರ್ಯ ಸಾಲ್ತಿಲ್ಲ. ಗೊತ್ತಿರೋರು ಬಿಡಿಸಿ ಹೇಳಿ, ಯಾವ ಬೀಚ್, ಯಾವ ಹೊತ್ತು, ಸರ್ಫಿಂಗ್ ಕ್ಲಾಸ್‌ಗೆ ಎಲ್ಲಿ ಹೋಗ್ಬೇಕು.

ಸುರತ್ಕಲ್ ತವರು, ಹಾಸನ:
ಅಣ್ಣ, ನಂದು ತವರು ಸುರತ್ಕಲ್, ಮದುವೆ ಆಗಿ ಬಂದದ್ದು ಹಾಸನಕ್ಕೆ, ಹಾಗಾಗಿ ಎರಡೂ ಕಡೆಯವ್ರ ಬುದ್ಧಿ ನಂಗೆ ಗೊತ್ತುಂಟು. ಮೊದಲು ಒಂದು ಮಾತು, ಜನ ಇಲ್ಲದ ಬೀಚ್ ಬೇಡವೇ ಬೇಡ ಮಾರಾಯ್ರೆ. ಅಲ್ಲಿ ಜನ ಯಾಕೆ ಇಲ್ಲ ಅಂತ ಪಕ್ಕದ ಮೊಗವೀರರ ಮನೆಯಲ್ಲಿ ಕೇಳಿ ನೋಡಿ, ಕಾರಣ ಹೇಳ್ತಾರೆ. ಒಂದು ಕಡೆ ಬಂಡೆ, ಇನ್ನೊಂದು ಕಡೆ ದಡದಿಂದಲೇ ಆಳ, ಮತ್ತೊಂದು ಕಡೆ ಅಳಿವೆ, ಅಂದ್ರೆ ಹೊಳೆ ಸಮುದ್ರಕ್ಕೆ ಸೇರುವ ಜಾಗ.

ಮಕ್ಕಳು, ವಯಸ್ಸಾದವ್ರು ಇದ್ರೆ ಪಣಂಬೂರು, ಪಡುಬಿದ್ರಿ, ಮಲ್ಪೆ ಈ ಮೂರರಲ್ಲಿ ಒಂದು ಆರಿಸಿ. ಪಣಂಬೂರು ಮಂಗಳೂರಿಂದ 10 ಕಿಮೀ ಆಸುಪಾಸು, ಬಂದರಿನ ಪಕ್ಕ, ಲೈಫ್‌ಗಾರ್ಡ್ ಇರ್ತಾರೆ, ಅಂಗಡಿ, ಶೌಚಾಲಯ, ಪಾರ್ಕಿಂಗ್ ಎಲ್ಲ ಉಂಟು. ಪಡುಬಿದ್ರಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಿದ್ದು, ಅದೇ ವರ್ಷ ಹೊನ್ನಾವರದ ಕಾಸರಕೋಡಿಗೂ ಸಿಕ್ತು. ಆ ಬಾವುಟ ಬರೀ ಕಸ ಇಲ್ಲ ಅಂತ ಕೊಡುದಲ್ಲ, ನೀರಿನ ಪರೀಕ್ಷೆ ಆಗ್ಬೇಕು, ಲೈಫ್‌ಗಾರ್ಡ್ ಇರ್ಬೇಕು, ಫಸ್ಟ್ ಏಡ್ ಇರ್ಬೇಕು. ಅಮ್ಮನನ್ನು ಕೂರಿಸ್ಲಿಕ್ಕೆ ನೆರಳು ಬೇಕು ಅಂತಾದ್ರೆ ನಾನು ಪಡುಬಿದ್ರಿಯೇ ಹೇಳುದು.

ಸರ್ಫಿಂಗ್ ಅಂದ್ರೆ ಮೂಲ್ಕಿ ಮತ್ತು ಸಸಿಹಿತ್ಲು. ಅಲ್ಲಿ ಕಲಿಸುವವ್ರೇ ನೀರಲ್ಲಿ ಜೊತೆಗೆ ಇರ್ತಾರೆ. ಆದ್ರೆ ಸಸಿಹಿತ್ಲಿನಲ್ಲಿ ಶಾಂಭವಿ, ನಂದಿನಿ ಎರಡು ನದಿ ಸೇರಿ ಸಮುದ್ರಕ್ಕೆ ಬೀಳ್ತದೆ, ನೋಡ್ಲಿಕ್ಕೆ ಅಷ್ಟು ಚಂದದ ಜಾಗ ನಮ್ಮ ಕಡೆ ಇನ್ನೊಂದಿಲ್ಲ, ಅಳಿವೆ ಬಾಗಿಲ ಹತ್ರ ಮಾತ್ರ ಇಳೀಲೇಬಾರ್ದು. ಇಳಿತದ ಹೊತ್ತಿಗೆ ಹೊಳೆ ನೀರು ಸಮುದ್ರ ನೀರು ಎಲ್ಲ ಒಟ್ಟಿಗೆ ಹೊರಗೆ ಎಳೀತದೆ, ಎಂಥಾ ಈಜುಗಾರನಿಗೂ ಎದುರು ಬರ್ಲಿಕ್ಕೆ ಆಗುದಿಲ್ಲ.

ಕೊಟ್ಟಿಗೆಹಾರ ನೀರ್ದೋಸೆ, ಮೂಡಿಗೆರೆ:
ರೋಡ್ ವಿಷ್ಯ ನಾನು ಹೇಳ್ತೀನಿ. ಹಾಸನದಿಂದ ಸಕಲೇಶಪುರ, ಶಿರಾಡಿ, ಗುಂಡ್ಯ, ಉಪ್ಪಿನಂಗಡಿ, ಬಿ.ಸಿ. ರೋಡ್ ಹಿಡಿದ್ರೆ ಪಣಂಬೂರಿಗೆ ಹೆಚ್ಚುಕಮ್ಮಿ 180 ಕಿಮೀ, ಬೆಳಿಗ್ಗೆ 5ಕ್ಕೆ ಬಿಟ್ರೆ ಲಾರಿ ಕಾಟ ಕಮ್ಮಿ. ಚಿಕ್ಕಮಗಳೂರು ಕಡೆಯೋರಿಗೆ ಚಾರ್ಮಾಡಿ. ಘಾಟಿಲಿ ಮಕ್ಳಿಗೆ ವಾಂತಿ ಆಗುತ್ತೆ ಅಂದ್ರೆ ಹಗಲು ರೈಲಲ್ಲಿ ಹೋಗಿ, ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 57 ಸುರಂಗ, ಮಕ್ಳು ಎಣಿಸ್ತಾ ಕೂತಿರ್ತಾರೆ. ಬೀಚ್ ಬಗ್ಗೆ ಮೇಲೆ ಅಕ್ಕ ಹೇಳಿದ್ದೇ ಸರಿ.

ಯಗಚಿ ಈಜುಗಾರ, ಬೇಲೂರು:
ನಂದು ಬೇರೆ ಅಭಿಪ್ರಾಯ ಕಣ್ರೀ, ಬೇಜಾರ್ ಮಾಡ್ಕೋಬೇಡಿ. ಈಜು ಬರೋರನ್ನ ಬರದೋರನ್ನ ಒಂದೇ ಥರ ನೋಡ್ತಾರೆ. ಕಳೆದ ಸಲ ಒಂದು ಬೀಚಲ್ಲಿ, ಹೆಸ್ರು ಬೇಡ, ಸೊಂಟದಷ್ಟು ನೀರಲ್ಲಿ ನಿಂತಿದ್ದೆ, ಅಲೇನೇ ಇರ್ಲಿಲ್ಲ ಅಲ್ಲಿ, ಶಾಂತವಾಗಿತ್ತು, ಪಕ್ಕದಲ್ಲಿ ಅಲೆ ಹೊಡೀತಿದ್ದ ಕಡೆ ನೂರಾರು ಜನ ಇದ್ರು ಅವ್ರನ್ನೆಲ್ಲ ಬಿಟ್ಟು ನನ್ ಕಡೆಗೇ ಪೀಪಿ ಊದಿ ಊದಿ, ಬಾ ಆಚೆ ಅಂತ ಏಕವಚನದಲ್ಲಿ ಕೂಗಿದ. ಯಾಕೆ ಅಂತ ಕೇಳಿದ್ರೆ ಉತ್ರ ಇಲ್ಲ. ಚಿಕ್ಕ ವಯಸ್ಸಿಂದ ನೀರಲ್ಲೇ ಇರೋನು ನಾನು, ಅಷ್ಟು ಜನದ ಮುಂದೆ ಹಾಗೆ ಕೂಗೋದು ಸರಿನಾ?

ಅರಸೀಕೆರೆ ಹುಡುಗ, ಈಗ ಸಿಡ್ನಿ:
ಬೇಲೂರು ಅಣ್ಣ, ಕೂಗಿದ ರೀತಿ ತಪ್ಪೇ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ನೀವು ಬರೆದಿರೋದ್ರಲ್ಲೇ ಉತ್ತರ ಇದೆ ನೋಡಿ, "ಅಲೇನೇ ಇರ್ಲಿಲ್ಲ, ಶಾಂತವಾಗಿತ್ತು, ಪಕ್ಕದಲ್ಲಿ ಅಲೆ ಹೊಡೀತಿತ್ತು". ನೀವು ನಿಂತಿದ್ದು ರಿಪ್ ಕರೆಂಟ್ ಬಾಯಲ್ಲಿ ಅಂತ ನಂಗನ್ಸುತ್ತೆ.

ಇದನ್ನ ಸ್ವಲ್ಪ ಉದ್ದವಾಗೇ ಹೇಳ್ತೀನಿ, ಹಾಸನ ಚಿಕ್ಕಮಗಳೂರು ಕಡೆಯೋರು ನಾವು ಎಲ್ಲಕ್ಕಿಂತ ಮೊದ್ಲು ತಿಳ್ಕೋಬೇಕಾಗಿರೋದು ಇದನ್ನೇ. ದಡದಿಂದ ಸ್ವಲ್ಪ ದೂರದಲ್ಲಿ ನೀರಿನಡಿ ಮರಳಿನ ದಿಬ್ಬ ಇರುತ್ತೆ. ಅಲೆ ಅದ್ರ ಮೇಲೆ ಬಂದು ಒಡೆಯುತ್ತೆ, ಬಿಳಿ ನೊರೆ ಕಾಣುತ್ತೆ, ಆ ನೀರೆಲ್ಲ ದಡದ ಕಡೆ ಬಂದು ತುಂಬ್ಕೊಳುತ್ತೆ. ತುಂಬಿದ ನೀರು ವಾಪಸ್ ಹೋಗ್ಬೇಕಲ್ಲ? ಗದ್ದೆ ಬದು ಒಂದ್ಕಡೆ ಒಡೆದ್ರೆ ನೀರೆಲ್ಲ ಅಲ್ಲೇ ನುಗ್ಗುತ್ತಲ್ಲ ಹಾಗೆ ದಿಬ್ಬದಲ್ಲಿ ಎಲ್ಲಿ ಸಂದಿ ಇದೆಯೋ ಅಲ್ಲಿಂದ ಜೋರಾಗಿ ಸಮುದ್ರದ ಕಡೆ ಓಡುತ್ತೆ, ಆ ಸೆಳೆತಕ್ಕೇ ರಿಪ್ ಕರೆಂಟ್ ಅನ್ನೋದು. ಆ ಸಂದಿಲಿ ಆಳ ಜಾಸ್ತಿ, ಅದಕ್ಕೇ ಅಲ್ಲಿ ಅಲೆ ಒಡೆಯಲ್ಲ, ನೀರು ಸ್ವಲ್ಪ ಕಪ್ಪಗೆ ಕಾಣುತ್ತೆ, ಮೇಲೆ ಸಣ್ಣಗೆ ಕದಡಿದ ಹಾಗಿರುತ್ತೆ, ನೊರೆ, ಕಸ ಹೊರಗಡೆಗೆ ಹೋಗ್ತಿರುತ್ತೆ. ಗೊತ್ತಿಲ್ಲದೋರು ಏನ್ ಮಾಡ್ತಾರೆ, ಅಲೆ ಇಲ್ಲ ಮಕ್ಳಿಗೆ ಸೇಫ್ ಅಂತ ಸೀದಾ ಅಲ್ಲಿಗೇ ಇಳಿಸ್ತಾರೆ.

ಜೋರಾದ ರಿಪ್ ಸೆಕೆಂಡಿಗೆ 2 ಮೀಟರ್‌ಗಿಂತ ಹೆಚ್ಚು ವೇಗದಲ್ಲಿ ಹೋಗುತ್ತೆ, ಒಲಿಂಪಿಕ್ಸ್ ಈಜುಗಾರನೂ ಅದಕ್ಕೆ ಎದುರಾಗಿ ಬರಕ್ಕಾಗಲ್ಲ. ಒಳ್ಳೆ ವಿಷ್ಯ ಏನಂದ್ರೆ ಅದು ಕೆಳಕ್ಕೆ ಎಳೆಯಲ್ಲ, ಹೊರಕ್ಕೆ ಎಳೆಯುತ್ತೆ ಅಷ್ಟೆ, ಅಲೆ ಒಡೆಯೋ ಜಾಗ ದಾಟಿದ್ಮೇಲೆ ಸಾಮಾನ್ಯವಾಗಿ ಅದ್ರ ಶಕ್ತಿ ಇಳಿಯುತ್ತೆ. ಜನ ಸಾಯೋದು ಹೆದ್ರಿ ದಡದ ಕಡೆಗೇ ಈಜಿ ಈಜಿ ಸುಸ್ತಾಗಿ. ಸಿಕ್ಕಾಕೊಂಡ್ರೆ ಬೆನ್ನ ಮೇಲೆ ತೇಲಿ, ಒಂದು ಕೈ ಮೇಲೆತ್ತಿ, ಕೂಗಿ. ಶಕ್ತಿ ಇದ್ರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಬಿಳಿ ನೊರೆ ಕಾಣೋ ಕಡೆಗೆ, ಅಲ್ಲಿಂದ ಅಲೇನೇ ನಿಮ್ಮನ್ನ ದಡಕ್ಕೆ ತಳ್ಳುತ್ತೆ. ಗೊರೂರು ಹಿನ್ನೀರಲ್ಲಾಗ್ಲಿ ಯಗಚಿಲಾಗ್ಲಿ ಇದನ್ನ ಕಲಿಯೋ ಅವಕಾಶವೇ ಇಲ್ಲ, ಅಲ್ಲಿ ಹತ್ರದ ದಡಕ್ಕೆ ಈಜೋದೇ ಸರಿ. ಅದಕ್ಕೇ ನಮ್ ಕಡೆ ಒಳ್ಳೆ ಈಜುಗಾರ್ರಿಗೇ ಇಲ್ಲಿ ಅಪಾಯ ಜಾಸ್ತಿ ಅಂತೀನಿ, ಅವ್ರಿಗೆ ಅಭ್ಯಾಸ ಆಗಿರೋ ಬುದ್ಧಿ ಇಲ್ಲಿ ಉಲ್ಟಾ ಹೊಡೆಯುತ್ತೆ.

ಹೇಮಾವತಿ ದಡ, ಹಾಸನ:
ಸರ್ ಇದನ್ನ ಹಾಗೇ ಭಾಮೈದನಿಗೆ ಓದಿ ಹೇಳ್ದೆ. ಅವ್ನು ಒಂದು ಪ್ರಶ್ನೆ ಕೇಳ್ತವ್ನೆ, ರಿಪ್ ಒಂದೇ ಜಾಗದಲ್ಲಿರುತ್ತಾ, ಹಂಗಿದ್ರೆ ಅಲ್ಲಿ ಬೋರ್ಡ್ ಹಾಕ್ಬೋದಲ್ಲ? ಇನ್ನೊಂದು, ಬಾವುಟ ಹಾಕ್ತಾರಲ್ಲ ಅದ್ರ ಲೆಕ್ಕ ಏನು?

ಅರಸೀಕೆರೆ ಹುಡುಗ, ಈಗ ಸಿಡ್ನಿ:
ಕೆಲವು ಯಾವಾಗ್ಲೂ ಅಲ್ಲೇ ಇರ್ತವೆ, ಬಂಡೆ ಪಕ್ಕ, ಬಂದರಿನ ಕಲ್ಲಿನ ತಡೆಗೋಡೆ ಪಕ್ಕ. ಇಲ್ಲಿ ಬಾಂಡೈ ಬೀಚ್‌ನ ದಕ್ಷಿಣ ತುದಿಲಿ ಒಂದಿದೆ, ಊರಿಗೆ ಹೊಸಬರಾದ ಪ್ರವಾಸಿಗರೇ ಅದ್ರಲ್ಲಿ ಸಿಕ್ಕಾಕೊಳೋದ್ರಿಂದ ಅದಕ್ಕೆ ಬ್ಯಾಕ್‌ಪ್ಯಾಕರ್ಸ್ ಎಕ್ಸ್‌ಪ್ರೆಸ್ ಅಂತಾನೇ ಹೆಸ್ರು. ಇನ್ನು ಕೆಲವು ಮರಳು ಸರಿದ ಹಾಗೆ ಸರಿತಾವೆ, ನೆನ್ನೆ ಇದ್ದ ಕಡೆ ಇವತ್ತಿರಲ್ಲ. ಅದಕ್ಕೆ ಪ್ರತಿದಿನ ಬೆಳಿಗ್ಗೆ ಲೈಫ್‌ಗಾರ್ಡ್ ನೀರು ನೋಡಿ ಬಾವುಟ ನೆಡ್ತಾರೆ, ಪರಿಸ್ಥಿತಿ ಬದಲಾದ್ರೆ ಮಧ್ಯಾಹ್ನ ಕಿತ್ತು ಇನ್ನೊಂದ್ ಕಡೆ ನೆಡ್ತಾರೆ.

ಮೇಲೆ ಕೆಂಪು ಕೆಳಗೆ ಹಳದಿ ಇರೋ ಎರಡು ಬಾವುಟದ ಮಧ್ಯ ಮಾತ್ರ ಈಜೋದು, ಅಲ್ಲಿ ಕಾವಲಿರುತ್ತೆ. ಬರೀ ಕೆಂಪು ಇದ್ರೆ ಅಪಾಯ, ಎರಡು ಕೆಂಪು ಒಟ್ಟಿಗೆ ಇದ್ರೆ ಬೀಚೇ ಬಂದ್. ಕಪ್ಪು ಬಿಳಿ ಚೌಕ ಇರೋದು ಸರ್ಫ್ ಬೋರ್ಡ್‌ನವ್ರ ಜಾಗ, ಅಲ್ಲಿ ಈಜೋರು ಹೋಗ್ಬಾರ್ದು, ಬೋರ್ಡ್ ತಲೆಗೆ ಬಡಿದ್ರೆ ಗತಿ ಇಲ್ಲ. ನೇರಳೆ ಬಾವುಟ ಅಂದ್ರೆ ಜೆಲ್ಲಿಫಿಶ್ ಥರದ್ದು ಇದೆ ಅಂತ. ಇದು ತುಂಬ ದೇಶಗಳಲ್ಲಿ ಒಂದೇ ಪದ್ಧತಿ.

1938ರ ಫೆಬ್ರವರಿ 6, ಭಾನುವಾರ, ಇದೇ ಬಾಂಡೈನಲ್ಲಿ ಮೇಲಿಂದ ಮೇಲೆ ದೊಡ್ಡ ಅಲೆ ಬಂದು ನೂರಾರು ಜನ ಒಂದೇ ಸಲಕ್ಕೆ ಕೊಚ್ಕೊಂಡು ಹೋದ್ರು. ಅವತ್ತು ಅದೃಷ್ಟಕ್ಕೆ ದಡದಲ್ಲಿ ಜೀವರಕ್ಷಕ ಕ್ಲಬ್‌ನವ್ರು ತುಂಬ ಜನ ಇದ್ರು, ಎಲ್ರೂ ನುಗ್ಗಿ ಎಳ್ಕೊಂಡ್ ಬಂದ್ರು. ಸತ್ತಿದ್ದು 5 ಜನ. ಕಾವಲಿಲ್ಲದ ಬೀಚಲ್ಲಿ ಆಗಿದ್ರೆ ಏನಾಗ್ತಿತ್ತು ಅಂತ ಯೋಚ್ನೆ ಮಾಡಿ.

ಮೇಷ್ಟ್ರು, ಕಡೂರು:
ನಾನು ಶಾಲೆ ಪ್ರವಾಸ ಕರ್ಕೊಂಡು ಹೋಗೋ ಜವಾಬ್ದಾರಿ ಹೊರೋನು, ಹಾಗಾಗಿ ಒಂದು ಮಾತು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸಕ್ಕೆ ಬಂದಿದ್ದ ನಾಲ್ಕು ಜನ ವಿದ್ಯಾರ್ಥಿನಿಯರು ನೀರು ಪಾಲಾದ್ರು. ಆ ಸುದ್ದಿ ಓದಿದ ದಿನ ನಂಗೆ ಊಟ ಸೇರ್ಲಿಲ್ಲ. ಬಯಲುಸೀಮೆ ಮಕ್ಕಳು ಜೀವನದಲ್ಲಿ ಮೊದಲ ಸಲ ಸಮುದ್ರ ನೋಡ್ದಾಗ ಅವರ ಖುಷಿ ಹೇಗಿರುತ್ತೆ ಅಂತ ನೋಡಿರೋರಿಗೇ ಗೊತ್ತು, ಬಸ್ ನಿಲ್ಲೋದ್ರೊಳಗೆ ಇಳಿದು ಓಡ್ತವೆ, ಚಪ್ಪಲಿ ಒಂದ್ಕಡೆ ಬ್ಯಾಗ್ ಒಂದ್ಕಡೆ. ಆ ಖುಷಿನ ಕಿತ್ಕೋಬೇಕು ಅಂತಲ್ಲ. ಆದ್ರೆ ಬಸ್ಸಲ್ಲೇ, ಘಾಟಿ ಇಳಿಯೋಕೆ ಮುಂಚೆನೇ ಎಲ್ಲ ಹೇಳಿ ಮುಗ್ಸಿರ್ಬೇಕು, ಅಲ್ಲಿ ಹೋದ್ಮೇಲೆ ಯಾರೂ ಕೇಳಲ್ಲ. ಹತ್ತು ಮಕ್ಕಳಿಗೆ ಒಬ್ರು ದೊಡ್ಡೋರು, ಇಳಿಯೋದು ಮೊಣಕಾಲು ತನಕ, ಲೈಫ್‌ಗಾರ್ಡ್ ಹತ್ರ ಮೇಷ್ಟ್ರೇ ಹೋಗಿ ಇಷ್ಟು ಮಕ್ಕಳು ಬಂದಿದೀವಿ ಅಂತ ಹೇಳೋದು, ನಾನು ಇಷ್ಟನ್ನ ಬಿಟ್ಟುಕೊಡಲ್ಲ. ಬೇಲೂರಿನವ್ರು ಹೇಳಿದ್ರಲ್ಲ, ಯಾಕೆ ಅಂತ ಕೇಳಿದ್ರೆ ಉತ್ತರ ಇಲ್ಲ ಅಂತ, ಅದೂ ಸರಿಯಾದ ದೂರೇ. ಕನ್ನಡದಲ್ಲಿ ಚಿತ್ರ ಸಮೇತ ಒಂದು ದೊಡ್ಡ ಬೋರ್ಡ್, ರಿಪ್ ಹೇಗಿರುತ್ತೆ ಬಾವುಟ ಏನು ಹೇಳುತ್ತೆ ಅಂತ ಪ್ರತಿ ಬೀಚಲ್ಲೂ ಪಾರ್ಕಿಂಗ್ ಹತ್ರವೇ ಇರ್ಬೇಕು.

ಯಗಚಿ ಈಜುಗಾರ, ಬೇಲೂರು:
ರಿಪ್ ವಿಷ್ಯ ಒಪ್ಪಿದೆ ಸರ್, ಇಷ್ಟು ವಿವರವಾಗಿ ಯಾರೂ ಹೇಳಿರ್ಲಿಲ್ಲ. ಬೋರ್ಡ್ ವಿಷ್ಯದಲ್ಲಿ ಮೇಷ್ಟ್ರ ಮಾತಿಗೆ ನನ್ನ ಪೂರ್ತಿ ಬೆಂಬಲ. ಮರ್ಯಾದೆ ಕೊಟ್ಟು ಕರೀಬೇಕು ಅನ್ನೋದನ್ನ ಮಾತ್ರ ಬಿಡಲ್ಲ.

ಸುರತ್ಕಲ್ ತವರು, ಹಾಸನ:
ಅದು ನ್ಯಾಯವೇ. ಆದ್ರೆ ಅವ್ರ ಕಡೆಯಿಂದನೂ ಸ್ವಲ್ಪ ನೋಡಿ. ಭಾನುವಾರ ಸಂಜೆ ಪಣಂಬೂರಲ್ಲಿ ಮರಳೇ ಕಾಣುದಿಲ್ಲ ಅಷ್ಟು ಜನ, ಬಿಸಿಲಲ್ಲಿ ನಿಂತು ಆ ತಲೆಗಳನ್ನೆಲ್ಲ ನೋಡ್ತಾ ಇರ್ಬೇಕು, ಗಾಳಿ, ಅಲೆ ಸದ್ದಲ್ಲಿ ಮಾತು ಕೇಳುದಿಲ್ಲ, ಪೀಪಿ ಬಿಟ್ರೆ ಬೇರೆ ದಾರಿ ಇಲ್ಲ. ಅದ್ರ ಮಧ್ಯೆ ಕುಡಿದು ಬರುವವ್ರು ಬೇರೆ. ಕುಡಿದವ್ರನ್ನ ನೀರಿಗೆ ಬಿಡ್ಲೇಬೇಡಿ, ಎಷ್ಟೇ ಹತ್ತಿರದ ಸಂಬಂಧ ಆಗ್ಲಿ.

ಕಾಫಿ ಹೂ, ಚಿಕ್ಕಮಗಳೂರು:
ಸರ್ಫಿಂಗ್ ಕ್ಲಾಸ್ ಹೇಗಿರುತ್ತೆ ಅಂತ ಯಾರೂ ಬರೀಲಿಲ್ಲ, ನಾನು ಮೂಲ್ಕಿಲಿ ಕಲ್ತಿದೀನಿ, ಹೇಳ್ತೀನಿ. ಪ್ರತಿವರ್ಷ ತೋಟದಲ್ಲಿ ಹಣ್ಣು ಕುಯ್ಲು ಮುಗಿದ ಮೇಲೆ ನಾವು ಕಸಿನ್ಸ್ ಎಲ್ಲ ಸೇರಿ ಹೋಗ್ತೀವಿ. ಭಾರತದಲ್ಲಿ ಸರ್ಫಿಂಗ್ ಬೆಳೆದಿದ್ದೇ ದೊಡ್ಡ ಮಟ್ಟಿಗೆ ಮೂಲ್ಕಿಯಿಂದ, 2004ರಲ್ಲಿ ಜ್ಯಾಕ್ ಹೆಬ್ನರ್ ಅನ್ನೋ ಅಮೆರಿಕದವ್ರು ಅಲ್ಲಿ ಆಶ್ರಮದ ಜೊತೆ ಸರ್ಫ್ ಕ್ಲಬ್ ಶುರು ಮಾಡಿದ್ರು, ಸರ್ಫಿಂಗ್ ಸ್ವಾಮಿ ಅಂತಾನೇ ಎಲ್ರೂ ಕರೆಯೋದು. ಆಮೇಲೆ ಸಸಿಹಿತ್ಲಲ್ಲಿ 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೀತು. ಟೋಕಿಯೊ ಒಲಿಂಪಿಕ್ಸ್‌ನಿಂದ ಈ ಆಟ ಒಲಿಂಪಿಕ್ಸ್‌ಗೂ ಸೇರಿದೆ, ನಿಮ್ಮ ಮಗಳ ಆಸೆ ಸಣ್ಣದಲ್ಲ ಅಣ್ಣ, ಖಂಡಿತ ಕರ್ಕೊಂಡ್ ಹೋಗಿ.

ಮೊದಲ ಕ್ಲಾಸಲ್ಲಿ ಆಳಕ್ಕೆ ಕರ್ಕೊಂಡು ಹೋಗಲ್ಲ. ಮೊದ್ಲು ಮರಳ ಮೇಲೇ ಬೋರ್ಡ್ ಇಟ್ಟು ಮಲಗಿಸ್ತಾರೆ, ಹೊಟ್ಟೆ ಮೇಲೆ, ಕಾಲ್ಬೆರಳು ಬೋರ್ಡ್ ಹಿಂದಿನ ತುದಿಗೆ ಬರೋ ಹಾಗೆ. ಕೈಯಲ್ಲಿ ನೀರು ತಳ್ಳೋದು, ಆಮೇಲೆ ಎರಡೂ ಅಂಗೈ ಎದೆ ಪಕ್ಕ ಊರಿ ಒಂದೇ ಸಲಕ್ಕೆ ಎದ್ದು ನಿಲ್ಲೋದು, ಅದಕ್ಕೆ ಪಾಪ್ ಅಪ್ ಅಂತಾರೆ, ಅದನ್ನೇ ಹತ್ತಾರು ಸಲ ಮಾಡಿಸ್ತಾರೆ. ಎದ್ದಾಗ ಕಾಲು ನೋಡ್ಬಾರ್ದು, ಮುಂದೆ ದಡ ನೋಡ್ಬೇಕು, ಕಾಲು ನೋಡಿದ್ಯಾ ಬಿದ್ಯಾ ಅಷ್ಟೆ. ಆಮೇಲೆ ಸೊಂಟದಷ್ಟು ನೀರಲ್ಲಿ, ಅಲೆ ಆಗ್ಲೇ ಒಡೆದು ಬರೋ ಬಿಳಿ ನೊರೆಲಿ, ಕಲಿಸೋರು ಹಿಂದಿನಿಂದ ತಳ್ತಾರೆ. ಬೋರ್ಡ್ 8–9 ಅಡಿ ಇರುತ್ತೆ, ಮೇಲೆ ಮೆತ್ತನೆ ಫೋಮ್, ಹಿಂದಿನ ಕಾಲಿನ ಗಿಣ್ಣಿಗೆ ಬೋರ್ಡಿಂದ ಒಂದು ಹಗ್ಗ ಕಟ್ತಾರೆ, ಲೀಶ್ ಅಂತಾರೆ, ಅದನ್ನ ಯಾವ ಕಾರಣಕ್ಕೂ ಬಿಚ್ಬಾರ್ದು, ಬೋರ್ಡ್ ತೇಲುತ್ತೆ, ನಿಮ್ಮನ್ನೂ ತೇಲಿಸುತ್ತೆ.

ಮಗಳಿಗೆ ಇದನ್ನ ಮೊದ್ಲೇ ಹೇಳ್ಕೊಡಿ: ಬೀಳುವಾಗ ತಲೆ ಮುಂದಾಗಿ ಡೈವ್ ಹೊಡೀಬಾರ್ದು, ಕೆಳಗೆ ಮರಳು ಹತ್ರ ಇರುತ್ತೆ, ಚಪ್ಪಟೆಯಾಗಿ ಪಕ್ಕಕ್ಕೋ ಹಿಂದಕ್ಕೋ ಬೀಳ್ಬೇಕು. ಮೇಲೆ ಬರುವಾಗ ಎರಡು ಕೈ ತಲೆ ಮೇಲೆ. ನೀರಲ್ಲಿ ನಡೀವಾಗ ಬೋರ್ಡ್ ನಿಮ್ಮ ಪಕ್ಕದಲ್ಲಿರ್ಬೇಕು, ಅಲೆಗೂ ನಿಮ್ಗೂ ಮಧ್ಯೆ ಅಡ್ಡ ಇಟ್ಕೊಂಡ್ರೆ ಅಲೆ ಬಂದು ಬೋರ್ಡನ್ನ ಹೊಟ್ಟೆಗೋ ಮುಖಕ್ಕೋ ಹೊಡೆಯುತ್ತೆ. ಕೈ ತುಂಬಾ ಇರೋ ಟೀ ಶರ್ಟ್ ಥರದ ರ‍್ಯಾಶ್ ಗಾರ್ಡ್ ಹಾಕ್ಸಿ, ಇಲ್ದಿದ್ರೆ ಬೋರ್ಡ್ ಉಜ್ಜಿ ಎದೆ ಹೊಟ್ಟೆ ಉರಿಯುತ್ತೆ. ಕಲಿಸೋರನ್ನ ನೇರವಾಗಿ ಕೇಳಿ, ಒಬ್ರಿಗೆ ಎಷ್ಟು ಮಕ್ಕಳು, ನೀರಲ್ಲಿ ಜೀವ ಉಳಿಸೋ ಟ್ರೇನಿಂಗ್ ಆಗಿದ್ಯಾ. ಒಳ್ಳೆಯವ್ರು ಈ ಪ್ರಶ್ನೆಗೆ ಬೇಜಾರ್ ಮಾಡ್ಕೊಳಲ್ಲ.

ಪ್ರಶ್ನೆ ಇದೆ ಅಂತಿರೋ ತರೀಕೆರೆ:
ನಾವು ಜೂನ್‌ನಲ್ಲಿ ಹೋಗೋಣ ಅಂತಿದ್ವಿ, ರೂಮ್ ರೇಟ್ ಕಮ್ಮಿ, ಮಳೆಲಿ ಸಮುದ್ರ ಚೆನ್ನಾಗಿ ಕಾಣುತ್ತಂತೆ. ಆಗ ಆಗಲ್ವಾ?

ಸುರತ್ಕಲ್ ತವರು, ಹಾಸನ:
ನೋಡ್ಲಿಕ್ಕೆ ಹೋಗಿ, ಇಳೀಲಿಕ್ಕೆ ಬೇಡ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಅದು ಮೀನು ಮೊಟ್ಟೆ ಇಡುವ ಕಾಲ ಅಂತಲೂ ಹೌದು, ಸಮುದ್ರದ ಅಬ್ಬರವೂ ಹೌದು. ಹುಟ್ಟಿದಾಗಿಂದ ಕಡಲಲ್ಲೇ ಇರುವವ್ರು ಬೋಟು ದಡಕ್ಕೆ ಕಟ್ಟಿ ಕೂತಿರುವಾಗ ನಾವು ಇಳಿಯುದು ಯಾಕೆ ಹೇಳಿ? ಮಲ್ಪೆಯಲ್ಲಿ ದಡದುದ್ದಕ್ಕೆ ನೆಟ್ ಕಟ್ತಾರೆ, ಸೇಂಟ್ ಮೇರೀಸ್ ದ್ವೀಪದ ಬೋಟೂ ಬಂದ್. ನೆಟ್ ಹಾರಿ ಹೋಗಿ ಸೆಲ್ಫಿ ತೆಗೆಯುವವ್ರನ್ನ ನೋಡಿದ್ರೆ ಹೊಟ್ಟೆ ಉರೀತದೆ.

ಅರಸೀಕೆರೆ ಹುಡುಗ, ಈಗ ಸಿಡ್ನಿ:
ಏಪ್ರಿಲ್‌ಗೂ ಒಂದು ಮಾತು ಸೇರಿಸ್ಲಾ. ಗಾಳಿ ಇಲ್ಲ, ಆಕಾಶ ಸ್ವಚ್ಛ, ಆದ್ರೂ ಇದ್ದಕ್ಕಿದ್ದಂಗೆ ದೊಡ್ಡ ಅಲೆ ದಡಕ್ಕೆ ನುಗ್ಗೋದು ಏಪ್ರಿಲ್ ಮೇನಲ್ಲಿ ನಮ್ಮ ಪಶ್ಚಿಮ ಕರಾವಳಿಲಿ ಆಗುತ್ತೆ, ಕೇರಳದೋರು ಕಳ್ಳಕ್ಕಡಲ್ ಅಂತಾರೆ. ದೂರದ ದಕ್ಷಿಣ ಸಾಗರದಲ್ಲಿ ಎದ್ದ ಬಿರುಗಾಳಿಯ ಅಲೆ ದಿನಗಟ್ಟಲೆ ಪ್ರಯಾಣ ಮಾಡಿ ಇಲ್ಲಿ ಮುಟ್ಟೋದು ಅದು. ಹೈದರಾಬಾದ್‌ನಲ್ಲಿರೋ ಇನ್‌ಕಾಯಿಸ್ ಸಂಸ್ಥೆ ಅದಕ್ಕೆ ಎಚ್ಚರಿಕೆ ಕೊಡುತ್ತೆ, ಹೊರಡೋ ಹಿಂದಿನ ದಿನ ನೋಡ್ಕೊಳ್ಳಿ.

ನರ್ಸಕ್ಕ, ಹಾಸನ:
ಆಸ್ಪತ್ರೆ ಕೆಲ್ಸದವ್ಳಾಗಿ ನಂದೂ ನಾಲ್ಕು ಮಾತು. ಮುಳುಗೋರು ಸಿನಿಮಾದಲ್ಲಿ ತೋರ್ಸೋ ಹಾಗೆ ಕಾಪಾಡಿ ಕಾಪಾಡಿ ಅಂತ ಕೂಗಲ್ಲ. ಬಾಯಿ ನೀರಿನ ಮಟ್ಟದಲ್ಲೇ ಮೇಲೆ ಕೆಳಗೆ ಆಗ್ತಿರುತ್ತೆ, ಉಸಿರು ತಗೊಳ್ಳೋಕೇ ಸಮಯ ಸಾಲಲ್ಲ, ಕೂಗೋದೆಲ್ಲಿ ಬಂತು. ಕೈ ಬೀಸಲ್ಲ, ನೀರನ್ನ ಕೆಳಗೆ ಒತ್ತುತಾರೆ. ಕಣ್ಣು ಎಲ್ಲೋ ನೋಡ್ತಿರುತ್ತೆ, ಕರೆದ್ರೆ ಉತ್ತರ ಬರಲ್ಲ. ಒಂದು ನಿಮಿಷದೊಳಗೆ ಮುಗಿದೋಗುತ್ತೆ. ಮಗು ನೀರಲ್ಲಿ ಗಲಾಟೆ ಮಾಡ್ತಿದ್ರೆ ಭಯ ಇಲ್ಲ, ಸುಮ್ನಾದ್ರೆ ನೋಡಿ.

ಯಾರಾದ್ರೂ ಸಿಕ್ಕಾಕೊಂಡ್ರೆ ಹಿಂದೆ ಹಿಂದೆ ಇಳೀಬೇಡಿ. ಒಬ್ಬರನ್ನ ಉಳಿಸೋಕೆ ಹೋಗಿ ಇಬ್ರು ಮೂವರು ಹೋಗಿರೋ ಸುದ್ದಿ ಎಷ್ಟು ಓದಿಲ್ಲ ನಾವು. ಲೈಫ್‌ಗಾರ್ಡ್‌ನ ಕರೀರಿ, ಹಗ್ಗನೋ ತೇಲೋ ವಸ್ತುನೋ ಎಸೀರಿ, ಆ ಮನುಷ್ಯನ ಮೇಲಿಂದ ಕಣ್ಣು ತೆಗೀದೆ ಬೆರಳು ತೋರ್ಸ್ತಾ ನಿಲ್ಲಿ, 112ಕ್ಕೆ ಫೋನ್ ಮಾಡ್ಸಿ. ದಡಕ್ಕೆ ತಂದ್ಮೇಲೆ ಹೊಟ್ಟೆ ಒತ್ತಿ ನೀರು ತೆಗೆಯೋದು, ತಲೆಕೆಳಗೆ ಮಾಡಿ ಸುತ್ತೋದು ಬೇಡ, ಇದು ನಮ್ಮ ಹಳ್ಳಿಗಳಲ್ಲಿ ಇನ್ನೂ ಮಾಡ್ತಾರೆ. ಉಸಿರಾಡ್ತಿಲ್ಲ ಅಂದ್ರೆ ನೀರಲ್ಲಿ ಮುಳುಗಿದೋರಿಗೆ ಮೊದ್ಲು ಬೇಕಾಗಿರೋದು ಬಾಯಿಂದ ಉಸಿರು, ಆಮೇಲೆ 30 ಸಲ ಎದೆ ಒತ್ತೋದು, 2 ಸಲ ಉಸಿರು, ಹಾಗೇ ಮುಂದುವರಿಸೋದು. ಎದ್ದು ಕೂತು ಮಾತಾಡಿದ್ರೂ ಕೆಮ್ಮು ಇದ್ರೆ ಆಸ್ಪತ್ರೆಗೆ ತೋರ್ಸಿ, ಶ್ವಾಸಕೋಶಕ್ಕೆ ನೀರು ಹೋಗಿದ್ರೆ ಕೆಲವು ಗಂಟೆ ಆದ್ಮೇಲೆ ಉಸಿರು ಕಟ್ಟೋಕೆ ಶುರುವಾಗ್ಬೋದು.

ಹೆಂಗಸ್ರು ಸೀರೆ, ದುಪ್ಪಟ್ಟಾ ಹಾಕ್ಕೊಂಡು ನೀರಿಗಿಳೀತಾರೆ, ಒದ್ದೆ ಸೀರೆ ಕಾಲಿಗೆ ಸುತ್ಕೊಂಡ್ರೆ ಮೊಣಕಾಲಷ್ಟು ನೀರಲ್ಲೂ ಏಳಕ್ಕಾಗಲ್ಲ. ಅಮ್ಮನ ಕಾಲಿಗೆ ನೀರು ತಾಗ್ಬೇಕು ಅಂತಿದ್ರೆ ಇಬ್ರು ಎರಡು ಕಡೆ ತೋಳು ಹಿಡ್ಕೊಳ್ಳಿ, ಸಮುದ್ರಕ್ಕೆ ಬೆನ್ನು ಹಾಕಿ ಫೋಟೊಗೆ ನಿಲ್ಲಿಸ್ಬೇಡಿ.

ಹೇಮಾವತಿ ದಡ, ಹಾಸನ:
ಎಲ್ರಿಗೂ ತುಂಬಾ ತುಂಬಾ ಥ್ಯಾಂಕ್ಸ್, ಇಷ್ಟು ಪ್ರೀತಿಯಿಂದ ಬರೀತೀರ ಅಂತ ಅಂದ್ಕೊಂಡಿರ್ಲಿಲ್ಲ. ಪಡುಬಿದ್ರಿ ಹತ್ರ ರೂಮ್ ನೋಡಿದೀವಿ, ಮಗಳ ಕ್ಲಾಸ್ ಮೂಲ್ಕಿಲಿ. ಕ್ಲಾಸ್ ಬೆಳಿಗ್ಗೆನೇ ಇಡ್ತಾರಂತೆ, ಯಾಕೆ? ಆ ಹೊತ್ತಿಗೆ ಉಳಿದೋರು ಅಲ್ಲೇ ನೀರಿಗಿಳೀಬೋದಾ? ಭಾಮೈದ ಲಾರಿ ಟ್ಯೂಬ್ ತರ್ತೀನಿ ಅಂತವ್ನೆ, ಮಗ ಅದ್ರಲ್ಲೇ ಕೆರೆಲಿ ಈಜು ಕಲ್ತಿದ್ದು.

ಕಾಫಿ ಹೂ, ಚಿಕ್ಕಮಗಳೂರು:
ಬೆಳಿಗ್ಗೆ ಹೊತ್ತು ನೆಲದಿಂದ ಸಮುದ್ರದ ಕಡೆ ಮೆಲ್ಲಗೆ ಗಾಳಿ ಬೀಸುತ್ತೆ, ಅದಕ್ಕೆ ಅಲೆ ಚೊಕ್ಕವಾಗಿ ಏಳುತ್ತೆ, ಮಧ್ಯಾಹ್ನ ಗಾಳಿ ತಿರುಗಿ ಸಮುದ್ರದಿಂದ ಬೀಸೋಕೆ ಶುರುವಾದ್ರೆ ಎಲ್ಲ ಕಲಸಿಹೋಗುತ್ತೆ. ಅದಕ್ಕೆ ಬೆಳಿಗ್ಗೆ ಕ್ಲಾಸ್.

ಟ್ಯೂಬ್ ಮಾತ್ರ ಬೇಡ ಅಣ್ಣ. ಅದೇ ಬೆಳಗಿನ ಗಾಳಿ ಖಾಲಿ ಟ್ಯೂಬನ್ನ, ಮಗು ಕೂತಿರೋ ಟ್ಯೂಬನ್ನ ಮೆಲ್ಲಗೆ ಹೊರಗೆ ತಗೊಂಡು ಹೋಗ್ತಿರುತ್ತೆ, ದಡದಲ್ಲಿ ನಿಂತೋರಿಗೆ ಗೊತ್ತೇ ಆಗಲ್ಲ. ಅಲೆ ತಿರುವಿ ಹಾಕಿದ್ರೆ ಮಗು ಕೆಳಗೆ ಟ್ಯೂಬ್ ಮೇಲೆ. ಮಗನಿಗೆ ಅಳತೆಗೆ ಸರಿಯಾದ ಲೈಫ್ ಜಾಕೆಟ್ ಹಾಕ್ಸಿ, ಹಾಕಿದ್ರೂ ಕೈಗೆ ಸಿಗೋ ದೂರದಲ್ಲೇ ಇರಿ.

ಸುರತ್ಕಲ್ ತವರು, ಹಾಸನ:
ಬೆಳಗಿನ ಕ್ಲಾಸ್ ಹೊತ್ತಿಗೆ ಉಳಿದವ್ರು ಅಲ್ಲಿ ಇಳೀಬೇಡಿ ಅಣ್ಣ, ಕಲಿಸುವವ್ರ ಕಣ್ಣು ಕ್ಲಾಸಿನ ಮಕ್ಕಳ ಮೇಲಿರ್ತದೆ, ಬೋರ್ಡು ಬೇರೆ ಅಡ್ಡ ಬರ್ತದೆ. ಮಗಳ ಕ್ಲಾಸ್ ಮುಗ್ಸಿ, ಮೂಲ್ಕಿ ದುರ್ಗಾಪರಮೇಶ್ವರಿ ದೇವಸ್ಥಾನ ನೋಡಿ, ಊಟ ಮಾಡಿ, ಬಿಸಿಲು ಇಳಿದ ಮೇಲೆ 4 ಗಂಟೆ ಹೊತ್ತಿಗೆ ಪಡುಬಿದ್ರಿಗೆ ಬನ್ನಿ. ಆಗ ಲೈಫ್‌ಗಾರ್ಡ್ ಇರ್ತಾರೆ, ಸೀದಾ ಅವ್ರ ಹತ್ರ ಹೋಗಿ ಇವತ್ತು ಎಲ್ಲಿ ಇಳೀಬಹುದು ಅಂತ ಕೇಳಿ. ಭಾಮೈದನನ್ನೇ ಕಳಿಸಿ ಕೇಳ್ಲಿಕ್ಕೆ.